ಸಹಾಯ ಬೇಕು: ಐದಡಿ ಎತ್ತರದವಳಿಗೆ ಯಾವ ಟೂರಿಂಗ್ ಕಯಾಕ್?

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್‌ನಲ್ಲಿದ್ದೇನೆ. ಎತ್ತರ ಐದಡಿ, ತೂಕ 48 ಕೆಜಿ. ಇಲ್ಲಿನ ಪ್ಯೂಜೆಟ್ ಸೌಂಡ್ ಕೊಲ್ಲಿಯಲ್ಲಿ ಬಾಡಿಗೆ ಕಯಾಕ್ (ಕಿರಿದಾದ, ಮೇಲೆ ಮುಚ್ಚಿದ ದೋಣಿ) ನಡೆಸಿ ರೂಢಿಯಾಗಿದೆ. ಈಗ ಸ್ವಂತದ್ದು ಕೊಂಡು, ಸ್ಯಾನ್ ವಾನ್ ದ್ವೀಪಗಳಲ್ಲಿ ಟೆಂಟ್ ಹಾಕಿಕೊಂಡು ಎರಡು ಮೂರು ದಿನ ಸುತ್ತುವ ಆಸೆ.

ಬಾಡಿಗೆಗೆ ಸಿಗುವುದೆಲ್ಲ ದೊಡ್ಡ ಮೈಯವರ ಅಳತೆಯದು, ಅಗಲ 24 ಇಂಚು. ಕೂತರೆ ತೊಡೆ ಡೆಕ್‌ಗೆ, ಅಂದರೆ ದೋಣಿಯ ಮೇಲ್ಮುಚ್ಚಿಗೆಗೆ, ತಾಗುವುದೇ ಇಲ್ಲ, ದೋಣಿ ವಾಲಿಸಿ ತಿರುಗಿಸಲು ಹಿಡಿತ ಸಿಗಲ್ಲ. ಹುಟ್ಟು ಹಾಕುವಾಗ ಬೆರಳ ಗೆಣ್ಣು ಅಂಚಿಗೆ ಉಜ್ಜಿ ತರಚುತ್ತದೆ. ನನ್ನ ತೂಕಕ್ಕೆ ದೋಣಿ ಸರಿಯಾಗಿ ನೀರಿಗೆ ಇಳಿಯುವುದೂ ಇಲ್ಲ. ಅಡ್ಡಗಾಳಿ ಬಂದರೆ ಮೂತಿ ಗಾಳಿಯ ಕಡೆಗೇ ತಿರುಗುತ್ತದೆ. ಇಲ್ಲಿನ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ, ಮಗುಚಿದರೆ ಕಷ್ಟ.

ಸಣ್ಣ ಮೈಯವರ ಅಳತೆಯ ಎರಡು ಮಾದರಿ ನೋಡುತ್ತಿದ್ದೇನೆ: ಪಿ ಅಂಡ್ ಎಚ್ ಸ್ಕಾರ್ಪಿಯೊ ಎಲ್‌ವಿ, ಡ್ಯಾಗರ್ ಸ್ಟ್ರಾಟೋಸ್ 14.5 ಎಸ್. ಎರಡೂ ಪ್ಲಾಸ್ಟಿಕ್, 25 ಕೆಜಿ ಆಸುಪಾಸು. ಒಬ್ಬಳೇ ಕಾರಿನ ಮೇಲೆ ಏರಿಸಬೇಕು. ಫೈಬರ್‌ಗ್ಲಾಸ್ ಹಗುರ, ಆದರೆ ಬೆಲೆ ತುಂಬಾ ಜಾಸ್ತಿ.

ಸಣ್ಣ ಮೈಕಟ್ಟಿನವರು ಯಾರಾದರೂ ಇವನ್ನು ಸಾಮಾನು ತುಂಬಿ ನಡೆಸಿದ್ದೀರಾ? ಟೆಂಟು, ಸ್ಲೀಪಿಂಗ್ ಬ್ಯಾಗು, ಕುಡಿಯುವ ನೀರು ಎಲ್ಲ ಹಿಡಿಯುತ್ತಾ? ಸೆಕೆಂಡ್ ಹ್ಯಾಂಡ್ ದೊಡ್ಡದು ತಗೊಂಡು ಫೋಮ್ ಅಂಟಿಸಿ ಅನ್ನುತ್ತಾರೆ ಕೆಲವರು. ಸೊಂಟದ ಸಡಿಲು ಹೋಗಬಹುದು, ಡೆಕ್ ಎತ್ತರ ಕಡಿಮೆ ಆಗಲ್ಲ ಅಲ್ವಾ? ಹುಟ್ಟು 210 ಸೆಂಮೀ ಸಾಕಾ?