ತಾಂಬೂಲದ ತಟ್ಟೆ ಇರಲಿ, ಸಿಹಿ ಅಡಿಕೆ ಬೇಡ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಕೂಟಗಳ ಊಟ ಮುಗಿದ ಮೇಲೆ ಬಟ್ಟಲಲ್ಲಿ ಸೋಂಪಿನ ಪಕ್ಕ ಬಣ್ಣಬಣ್ಣದ ಸಿಹಿ ಅಡಿಕೆ ಇಟ್ಟಿರುತ್ತಾರೆ. ಮಕ್ಕಳು ಅದನ್ನು ಮಿಠಾಯಿ ಥರ ಮುಕ್ಕುತ್ತಾರೆ. ಇದನ್ನು ನಿಲ್ಲಿಸೋಣ ಅಂತ ನನ್ನ ಕಳಕಳಿಯ ಮನವಿ.

"ತಂಬಾಕು ಇಲ್ಲವಲ್ಲ, ಬರೀ ಅಡಿಕೆ ತಾನೇ" ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ತಂಬಾಕಿಲ್ಲದ ಎಲೆಅಡಿಕೆಯನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕದಿಂದ ಕೆನ್ನೆಯ ಒಳಪದರದಲ್ಲಿ ನಾರು ಕಟ್ಟುತ್ತಾ ಹೋಗುತ್ತದೆ. ಮೊದಮೊದಲು ಖಾರ ತಿಂದರೆ ಬಾಯಿ ಉರಿ, ಆಮೇಲೆ ಕೆನ್ನೆ ಬಿಗಿತ, ಕೊನೆಗೆ ತುತ್ತು ಇಡುವಷ್ಟೂ ಬಾಯಿ ತೆರೆಯದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುವುದು ಇದಕ್ಕೇ. ಬಿಗಿದ ಬಾಯಿ ಮೊದಲಿನಂತೆ ಆಗುವುದಿಲ್ಲ, ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಿ. ಮೂರು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಕಾಯಲೇಬೇಡಿ.

ಅಡಿಕೆಯನ್ನು ಹೀಗೆ ಬೈಯುವುದು ನನಗೂ ಕಷ್ಟವೇ. ನಮ್ಮಲ್ಲಿ ಎಷ್ಟೋ ಜನರ ಫೀಸು ಕಟ್ಟಿದ್ದೇ ಮಲೆನಾಡಿನ ಅಡಿಕೆ ತೋಟ. ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯಿಸದೆ ಮಾತು ಗಟ್ಟಿಯಾಗುವುದಿಲ್ಲ. ಅದು ಹೋಗಬೇಕಾಗಿಲ್ಲ. ಎರಡು ಎಲೆ, ಅಡಿಕೆ, ತೆಂಗಿನಕಾಯಿ, ದಕ್ಷಿಣೆ ಇಟ್ಟು ಬಾಗಿ ಕೊಡುವುದನ್ನು ಮಕ್ಕಳಿಗೆ ಖಂಡಿತ ಕಲಿಸೋಣ. ಕೊಡುವುದಕ್ಕೂ ಅಗಿಯುವುದಕ್ಕೂ ವ್ಯತ್ಯಾಸ ಇದೆ ಅಂತ ಅವರಿಗೆ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ಊರಿಂದ ಬರುವ ಅಪ್ಪ-ಅಮ್ಮಂದಿರ ವಿಷಯ ಸೂಕ್ಷ್ಮ. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಬೆನ್ನಿಗೆ ಸುಣ್ಣ ಸವರುವಾಗಲೇ ಅವರ ಮಾತು ಬಿಚ್ಚಿಕೊಳ್ಳುವುದು. ಆ ಡಬ್ಬಿ ಕಿತ್ತಿಡಬೇಡಿ. ಆದರೆ ಮೊಮ್ಮಕ್ಕಳಿಗೆ ಚೂರು ಕೂಡ ಕೊಡಬೇಡಿ ಅಂತ ಮೆತ್ತಗೆ ಹೇಳಿ, ವರ್ಷಕ್ಕೊಮ್ಮೆ ಅವರ ಬಾಯಿ ತಪಾಸಣೆ ಮಾಡಿಸಿ. ಇಲ್ಲಿಯ ದಂತವೈದ್ಯರು ಸಿಗರೇಟು ಸೇದುತ್ತೀರಾ ಅಂತಷ್ಟೇ ಕೇಳಿ ಬಿಡಬಹುದು, ಅಡಿಕೆ ಹಾಕುವ ಸಂಗತಿ ನಾವೇ ಬಾಯಿಬಿಟ್ಟು ಹೇಳಬೇಕು.

ಈ ಸಲದ ದೀಪಾವಳಿ ಕೂಟಕ್ಕೆ ಬಟ್ಟಲ ಜವಾಬ್ದಾರಿ ನನಗೆ ಕೊಡಿ. ಹುರಿದ ಸೋಂಪು, ಕಲ್ಲುಸಕ್ಕರೆ, ಏಲಕ್ಕಿ ತರುತ್ತೇನೆ. ಅಡಿಕೆ ಪೊಟ್ಟಣ ಯಾರೂ ತರುವುದು ಬೇಡ ಅಂತ ಕಾರ್ಯಕಾರಿ ಸಮಿತಿಯವರು ಆಹ್ವಾನದಲ್ಲೇ ಒಂದು ಸಾಲು ಸೇರಿಸುತ್ತೀರಾ?