ಅಡಿಕೆ ಸುಲಿಯುವ ಮಷೀನಿಗೆ ಗೊಂಬೆ ಸಾಫ್ಟ್‌ವೇರ್ ಬೇಕಾ? ಅನುಭವ ಹೇಳಿ

ಹೊಸನಗರ: ಹಸಿ ಅಡಿಕೆ ಸುಲಿಯುವ ಮಷೀನ್ ಡಿಸೈನ್ ಮಾಡುತ್ತಿದ್ದೇನೆ. ಅಡಿಕೆ ಸುರಿಯುವುದು, ಆರಿಸುವುದು ಹೆಚ್ಚಾಗಿ ಹೆಂಗಸರು. ಹಾಪರ್, ಅಂದರೆ ಅಡಿಕೆ ಸುರಿಯುವ ಬಾಯಿಯ ಎತ್ತರ ನೋಡಲು ಕಂಪ್ಯೂಟರಿನಲ್ಲಿ ಆಳಿನ ಗೊಂಬೆ ನಿಲ್ಲಿಸುವ ಸಾಫ್ಟ್‌ವೇರ್ ಇದೆಯಲ್ಲ, ಕೊಂಡವರು ಹೇಳಿ.

ತೀರ್ಥಹಳ್ಳಿ: ನಾನು ಕೊಂಡೆ. ವರ್ಷದ ಲೈಸೆನ್ಸ್ 1,85,000. ಜಿಎಸ್‌ಟಿ 33,300. ಹಳೇ ಕಂಪ್ಯೂಟರ್ ಎಳೆಯಲಿಲ್ಲ, ಗ್ರಾಫಿಕ್ಸ್ ಕಾರ್ಡ್ 38,500. ಹುಡುಗನಿಗೆ ಬೆಂಗಳೂರಿನಲ್ಲಿ ಟ್ರೇನಿಂಗ್ 22,000, ಊಟ ವಸತಿ ಬೇರೆ. ಕಲಿತವನು ಅಲ್ಲೇ ಕೆಲಸಕ್ಕೆ ಸೇರಿಬಿಟ್ಟ. ಆ ಸಿಟ್ಟು ಇನ್ನೂ ಇದೆ. ಆದರೆ ಮಷೀನ್ ಚೆನ್ನಾಗಿ ಬಂತು. ಬುಟ್ಟಿ ಸುರಿಯುವಾಗ ಗೊಂಬೆಯ ತೋಳು ಭುಜಕ್ಕಿಂತ ಮೇಲೆ ಹೋಗುತ್ತಿತ್ತು. ಕೆಲಸದ ಭಂಗಿ ಮೈಗೆ ಎಷ್ಟು ಕೆಟ್ಟದ್ದು ಅಂತ ಅಳೆಯುವ ರೂಲಾ ಅಂಕ 7 ಬಂತು, ಅಂದರೆ ಈಗಲೇ ಬದಲಿಸಿ ಅಂತ. ಹಾಪರ್ ಇಳಿಸಿ ಅಡಿಕೆ ಮೇಲೆತ್ತುವ ಎಲಿವೇಟರ್ ಕೊಟ್ಟೆ, 3ಕ್ಕೆ ಬಂತು. ಒಂದು ಶೀಟೂ ಹಾಳಾಗಲಿಲ್ಲ.

ಸಾಗರ: ರೂಲಾಕ್ಕೆ ಲಕ್ಷ ಸುರಿಯಬೇಕಾ? ಅದು 1993ರಲ್ಲಿ ಮ್ಯಾಕ್‌ಅಟಾಮ್ನಿ, ಕಾರ್ಲೆಟ್ ಪ್ರಕಟಿಸಿದ್ದು. ಕಾಗದ, ಪೆನ್ಸಿಲ್ ಸಾಕು. ನಾನು ಪ್ಲೈವುಡ್ ಮಾದರಿ ಮಾಡಿಸಿದೆ, 4,200 ರೂಪಾಯಿ. ನಮ್ಮ ಕೆಲಸದವರನ್ನೇ ನಿಲ್ಲಿಸಿ ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ತೆಗೆದು ಕೋನ ಅಳೆದೆ. ನಿಮ್ಮ ಗೊಂಬೆಗಳ ಅಳತೆ ಅಮೆರಿಕದ ಸೈನಿಕರದ್ದು. ಹಾಗೆ ನೋಡಿದರೆ ಮೆಟ್ಟುಗತ್ತಿಯೇ ವಾಸಿ, ಕೂತು ಮಾಡುವ ಕೆಲಸ.

ತೀರ್ಥಹಳ್ಳಿ: ಸುಮ್ನೆ ಹೇಳಬೇಡಿ. ಗೊಂಬೆಯ ಅಳತೆ ಬದಲಿಸಬಹುದು. ಭೋಪಾಲಿನ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ನಮ್ಮ ದೇಶದ ಕೃಷಿ ಕಾರ್ಮಿಕರ ಅಳತೆಗಳನ್ನು 2009ರಲ್ಲೇ ಪ್ರಕಟಿಸಿದೆ. ನಾನು ಅದನ್ನೇ ಹಾಕಿದ್ದು. ಕೈ ಎಟುಕಬೇಕಾದ ಕಡೆ ಕುಳ್ಳಗಿನ ಹೆಂಗಸಿನ ಅಳತೆ, ತಲೆ ತಾಗಬಾರದ ಕಡೆ ಎತ್ತರದ ಗಂಡಸಿನ ಅಳತೆ. ನಿಮ್ಮ ಪ್ಲೈವುಡ್ ಮುಂದೆ ನಿಂತವರು ಎಷ್ಟು ಜನ? ಅವರಲ್ಲಿ ಕುಳ್ಳಗಿನವರು ಇದ್ದರಾ?

ಮಾಚೇನಹಳ್ಳಿ ಫೌಂಡ್ರಿ: ನಮ್ಮದು ಅಚ್ಚು ಎತ್ತುವ ಕೆಲಸ. ನಯೋಷ್ ಅಂತ ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ, ಅದರ ಸೂತ್ರದಲ್ಲಿ ಎಲ್ಲ ಅನುಕೂಲ ಇದ್ದರೂ ಎತ್ತುವ ಭಾರದ ಮಿತಿ 23 ಕೆ.ಜಿ. ಕೈ ಚಾಚಿದರೆ, ಮೈ ತಿರುಗಿಸಿದರೆ ಇನ್ನೂ ಇಳಿಯುತ್ತದೆ. ಸಲಹೆಗಾರರು ಸಾಫ್ಟ್‌ವೇರಿನಲ್ಲಿ ಎಲ್ಲ ಹಸಿರು ತೋರಿಸಿದರು. ಗೊಂಬೆಯದು ಬರಿಗೈ! ನಮ್ಮ ಹುಡುಗರು ದಪ್ಪ ಗ್ಲೌಸ್ ಹಾಕುತ್ತಾರೆ, ಕಿಂಡಿಯಲ್ಲಿ ಕೈ ಹೋಗಲೇ ಇಲ್ಲ. ಮತ್ತೆ ಲೇಸರ್ ಕಟಿಂಗ್ 11,600, ಪೌಡರ್ ಕೋಟಿಂಗ್ 7,400. ಸಲಹೆಗಾರರು ಒಂದು ಪೈಸೆ ಬಿಡಲಿಲ್ಲ. ಇನ್ನೊಂದು, ಅದುರುವಿಕೆಗೆ ರೂಲಾದಲ್ಲಿ ಅಂಕವೇ ಇಲ್ಲ.

ಸಾಗರ: ನಾನು ಹೇಳಿದ್ದೂ ಅದೇ ಅಲ್ವಾ!

ಶೃಂಗೇರಿ: ಮೆಟ್ಟುಗತ್ತಿ ವಾಸಿ ಅಂದವರು ಒಂದು ರಾತ್ರಿ ಅದರ ಮುಂದೆ ಕೂತು ನೋಡಿ. ನನ್ನಮ್ಮನ ಸೊಂಟ ಹೋಗಿದ್ದು ಅಲ್ಲೇ. ನಾನು ಮಷೀನಿನಲ್ಲಿ ಕೆಲಸ ಮಾಡಿದವಳು. ಹಾಪರ್ ಎತ್ತರ ಸರಿ ಇತ್ತು. ನಿಲ್ಲಿಸುವ ಸ್ವಿಚ್ ಮಾತ್ರ ಮೋಟಾರಿನ ಆ ಕಡೆ, ಸುತ್ತು ಹಾಕಿ ಹೋಗಬೇಕು. ಸೆರಗು ಬೆಲ್ಟಿನ ಪಕ್ಕದಲ್ಲೇ. ನಿಮ್ಮ ಗೊಂಬೆಗೆ ಸೀರೆ ಉಡಿಸಿ ನೋಡಿದ್ದೀರಾ?

ತೀರ್ಥಹಳ್ಳಿ: ಅದಕ್ಕೆ ಬೆಲ್ಟ್ ಗಾರ್ಡ್ ಇರುತ್ತದೆ. ಸಾಫ್ಟ್‌ವೇರ್ ಮೇಲೆ ಹಾಕಬೇಡಿ.

ಶೃಂಗೇರಿ: ಗಾರ್ಡ್ ಬಿಚ್ಚಿಟ್ಟೇ ಓಡಿಸುತ್ತಾರೆ. ಸಿಪ್ಪೆ ಸಿಕ್ಕಿಕೊಂಡಾಗಲೆಲ್ಲ ನಾಲ್ಕು ಬೋಲ್ಟ್ ಯಾರು ಬಿಚ್ಚುತ್ತಾರೆ? ಬೋಲ್ಟ್ ಬದಲು ಕೀಲು ಇಡಿ. ತೆರೆದರೆ ಮೋಟಾರ್ ನಿಲ್ಲುವ ಸ್ವಿಚ್ ಕೊಡಿ. ಅದೂ ಡಿಸೈನೇ.