ತಿಪಟೂರು ಮನೆ ಗುಂಪಿನಲ್ಲಿ ಮಿಜುತಾನಿ ಜಗಳ

ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಒಂದು ಫಾರ್ವರ್ಡ್‌ನಿಂದ ಶುರುವಾಗಿದ್ದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನ ತೆಗೆದು ಉಳಿದಿದ್ದನ್ನ ಹಾಗೇ ಹಾಕಿದೀನಿ. ಅಭಿ ನನ್ನ ತಮ್ಮ, ಜಿಲ್ಲಾ ಮಟ್ಟದಲ್ಲಿ ಟಿಟಿ (ಟೇಬಲ್ ಟೆನಿಸ್) ಆಡ್ತಾನೆ. ಪ್ರಕಾಶ ಮಾವ ಸುಮತ್ತೆ ಗಂಡ, ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡೇ ಇರ್ತಾರೆ.

ದೊಡ್ಡಪ್ಪ: (ವಿಡಿಯೋ) ಕಣ್ಣಿಲ್ಲದ ಜಪಾನಿ ವೀರ ಚೀನಾವನ್ನು ಮಣ್ಣುಮುಕ್ಕಿಸಿದ ಕಥೆ!! 2-9ರಿಂದ ಎದ್ದು ಬಂದು ಒಲಿಂಪಿಕ್ ಚಿನ್ನ!! ಮಕ್ಕಳಿಗೆ ತಪ್ಪದೆ ತೋರಿಸಿ 🙏🙏

ಅಭಿ: ದೊಡ್ಡಪ್ಪ, ಇದು ಜಪಾನಿನ ಟಿಟಿ ಆಟಗಾರ ಜುನ್ ಮಿಜುತಾನಿ. ಕಣ್ಣಿಲ್ಲ ಅನ್ನೋದು ಸುಳ್ಳು. 2-9 ಆಗಿದ್ದು ಚೀನಾ ಮೇಲಲ್ಲ, ಟೋಕಿಯೋ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನ ಕೊನೇ ಗೇಮ್‌ನಲ್ಲಿ ಜರ್ಮನಿ ಮೇಲೆ. ಜರ್ಮನಿಯವರಿಗೆ ಏಳು ಮ್ಯಾಚ್ ಪಾಯಿಂಟ್ ಸಿಕ್ಕಿತ್ತು, ಅಂದ್ರೆ ಇನ್ನೊಂದು ಪಾಯಿಂಟ್ ಬಂದಿದ್ರೆ ಪಂದ್ಯವೇ ಅವರದ್ದು. ಏಳೂ ಹೋಯ್ತು, 16-14ಕ್ಕೆ ಜಪಾನ್ ಗೆದ್ದಿತು. ಚೀನಾ ಮೇಲಿನ ಫೈನಲ್‌ನ ಕೊನೇ ಗೇಮ್‌ನಲ್ಲಿ ಜಪಾನಿನವರೇ 8-0 ಮುಂದಿದ್ರು.

ಸುಮತ್ತೆ: ಮತ್ತೆ ವಿಡಿಯೋದಲ್ಲಿ ಅವನ ಜೊತೆ ಆಡ್ತಿರೋ ಆ ಹುಡುಗಿ ಯಾರೋ? ಫಾರ್ವರ್ಡ್‌ನಲ್ಲಿ ಅವಳ ಹೆಸರೇ ಇಲ್ಲ

ಅಭಿ: ಮಿಮಾ ಇಟೊ ಅತ್ತೆ. ಮಿಕ್ಸ್‌ಡ್ ಡಬಲ್ಸ್ ಅದು. ಇಬ್ಬರೂ ಇವಾಟ ಅನ್ನೋ ಒಂದೇ ಊರಿನವರು. ಮಿಜುತಾನಿ ಅಪ್ಪ ಅಮ್ಮ ನಡೆಸ್ತಿದ್ದ ಮಕ್ಕಳ ಟಿಟಿ ಕ್ಲಬ್‌ನಲ್ಲೇ ಅವಳೂ ಚಿಕ್ಕವಳಿದ್ದಾಗ ಆಡಿದ್ದು. ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳು.

ಸುಮತ್ತೆ: ನೋಡಿ, ಅರ್ಧ ಚಿನ್ನ ಅವಳದು, ಹೆಸರು ಮಾತ್ರ ಗಂಡಸಿಗೆ

ದೊಡ್ಡಪ್ಪ: ಕಪ್ಪು ಕನ್ನಡಕ ಹಾಕಿದಾನಲ್ಲಯ್ಯಾ! ಸುಳ್ಳು ಹೇಗಾಗುತ್ತೆ

ಅಭಿ: ಹಾಲ್ ಕತ್ತಲೆ, ಸುತ್ತ ಎಲ್‌ಇಡಿ ಬೋರ್ಡು. ಆ ಬೆಳಕಿನ ಮುಂದೆ ಚೆಂಡು ಸರಿಯಾಗಿ ಕಾಣ್ತಿರಲಿಲ್ಲ ಅವನಿಗೆ. ಕಣ್ಣಿನ ತೊಂದರೆ ನಿಜ, ಟೋಕಿಯೋ ಆದ್ಮೇಲೆ ಆಟ ಬಿಟ್ಟಿದ್ದೂ ಅದಕ್ಕೇ. ಆದರೆ ಕುರುಡ ಅಲ್ಲ. 40 ಮಿಲಿಮೀಟರ್ ಚೆಂಡನ್ನ ಕಣ್ಣಿಲ್ಲದೆ ಹೊಡೆಯಕ್ಕಾಗಲ್ಲ ದೊಡ್ಡಪ್ಪ 😅

ದೊಡ್ಡಪ್ಪ: ಭಾವ ಮುಖ್ಯ. ಸ್ಫೂರ್ತಿ ತಗೋಬೇಕು, ತಪ್ಪು ಹುಡುಕಬಾರದು

ಅಭಿ: ಸ್ಫೂರ್ತಿ ಬೇಕಂದ್ರೆ 2012ರದ್ದು ತಗೊಳ್ಳಿ. ಲಂಡನ್ ಒಲಿಂಪಿಕ್ಸ್ ಆದ್ಮೇಲೆ ಅವನು ಅಂತರರಾಷ್ಟ್ರೀಯ ಟೂರ್ನಿಗಳನ್ನ ಆಡಲ್ಲ ಅಂತ ಕೂತ. ಬ್ಯಾಟಿನ ರಬ್ಬರಿಗೆ ಎಣ್ಣೆ ಹಚ್ಚಿ ಆಡ್ತಿದಾರೆ, ಎಲ್ಲರಿಗೂ ಗೊತ್ತು, ಯಾರೂ ತಡೀತಿಲ್ಲ ಅಂತ. ಬೂಸ್ಟರ್ ಅಂತಾರೆ ಅದಕ್ಕೆ.

ಪ್ರಕಾಶ ಮಾವ: ಅದೇ ಲಂಡನ್‌ನಲ್ಲಿ ಡೆನ್ಮಾರ್ಕ್‌ನ ಮೈಕೆಲ್ ಮೇಜ್ ಕೈಲಿ 0-4 ಸೋತಿದ್ದನಲ್ಲ? ಈಗಷ್ಟೇ ಗೂಗಲ್ ಮಾಡ್ದೆ. ಕುಣೀಲಾರದವಳಿಗೆ ನೆಲ ಡೊಂಕು

ಅಭಿ: ಮಾವ, ಅಷ್ಟು ಹೊತ್ತಿಗೆ ಅವನು ಐದು ಸಲ ಜಪಾನ್ ಚಾಂಪಿಯನ್. 17ನೇ ವಯಸ್ಸಿಗೇ ಮೊದಲನೇದು. 14ಕ್ಕೇ ಮನೆ ಬಿಟ್ಟು ಜರ್ಮನಿಗೆ ಹೋಗಿ ಕಲಿತವನು. ಕುಣಿಯಕ್ಕೆ ಬರ್ತಿತ್ತು.

ಪ್ರಕಾಶ ಮಾವ: ಗೆದ್ದು ಹೇಳಿದ್ರೆ ಒಪ್ತಿದ್ದೆ

ನಾನು: ಗೆದ್ದವರು ಯಾಕೆ ಹೇಳ್ತಾರೆ ಮಾವ?

ಸುಮತ್ತೆ: ಎಣ್ಣೆ ಹಚ್ಚಿದ್ರೆ ಏನಾಗುತ್ತೆ ಅದನ್ನ ಹೇಳ್ರೋ ಮೊದಲು

ಅಭಿ: ರಬ್ಬರ್ ಕೆಳಗೆ ಸ್ಪಂಜು ಇರುತ್ತೆ ಅತ್ತೆ. ರಬ್ಬರ್ ಕಿತ್ತು, ಸ್ಪಂಜಿಗೆ ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಬೇಕು. ಎಣ್ಣೆ ಕುಡಿದು ಸ್ಪಂಜು ಉಬ್ಬುತ್ತೆ, ಇಡೀ ಶೀಟು ಬಾಣಲೆಗೆ ಬಿದ್ದ ಹಪ್ಪಳದ ಥರ ಮುರುಟಿಕೊಳ್ಳುತ್ತೆ. ಒಂದೆರಡು ದಿನ ಬಿಟ್ಟರೆ ಮತ್ತೆ ಚಪ್ಪಟೆ ಆಗುತ್ತೆ, ಆಮೇಲೆ ಅಂಟಿಸೋದು. ಚೆಂಡು ತಗುಲಿದಾಗ ಟಣ್ ಅಂತ ಬೇರೆ ಸದ್ದೇ ಬರುತ್ತೆ. ಸ್ಪಿನ್ ಜಾಸ್ತಿ, ಸ್ಪೀಡ್ ಜಾಸ್ತಿ. ಮೊದಲು ಸ್ಪೀಡ್ ಗ್ಲೂ ಅನ್ನೋ ಅಂಟು ಇತ್ತು, ಆವಿ ಆರೋಗ್ಯಕ್ಕೆ ಕೆಟ್ಟದ್ದು ಅಂತ 2008ರಲ್ಲಿ ನಿಲ್ಲಿಸಿದ್ರು. ಆಮೇಲೆ ಎಲ್ಲರೂ ಎಣ್ಣೆಗೆ ಬಂದ್ರು.

ಪ್ರಕಾಶ ಮಾವ: ಚೆಕ್ ಮಾಡಲ್ವಾ?

ಅಭಿ: ಮಾಡ್ತಾರೆ. ಆವಿ ಬರುತ್ತಾ ಅಂತ ಮಷೀನ್‌ನಲ್ಲಿ ನೋಡ್ತಾರೆ, ದಪ್ಪ 4 ಮಿಲಿಮೀಟರ್ ಒಳಗಿದೆಯಾ ಅಂತ ಅಳೀತಾರೆ. ಈ ಎಣ್ಣೆ ಆವಿನೇ ಆಗಲ್ಲ, ಏನ್ ಸಿಗುತ್ತೆ? ರೂಲ್‌ನಲ್ಲಿ ಮಾತ್ರ ರಬ್ಬರಿಗೆ ಏನೂ ಹಚ್ಚಬಾರದು ಅಂತ ಚೆನ್ನಾಗಿ ಬರೆದಿದಾರೆ.

ದೊಡ್ಡಪ್ಪ: ಸರಿ, ಕೂತ. ಏನಾಯ್ತು? ರೂಲ್ ಬದಲಾಯ್ತಾ?

(ಇಲ್ಲಿ ಅಭಿ ಐದು ನಿಮಿಷ ಸುಮ್ಮನಿದ್ದ. ‘ಟೈಪಿಂಗ್’ ಅಂತ ಬರ್ತಿತ್ತು, ಹೋಗ್ತಿತ್ತು.)

ಅಭಿ: ಇಲ್ಲ. ಕೆಲವು ತಿಂಗಳಾದ್ಮೇಲೆ ವಾಪಸ್ ಬಂದ. ರಷ್ಯಾ ಲೀಗ್‌ಗೆ ಹೋಗಿ ಆಡಿದ. ಚಿಯು ಜಿಯಾನ್‌ಶಿನ್ ಅಂತ ಖಾಸಗಿ ಕೋಚ್ ಇಟ್ಕೊಂಡ. 2016 ರಿಯೋ ಒಲಿಂಪಿಕ್ಸ್‌ನಲ್ಲಿ ಬೆಲಾರುಸ್‌ನ ಸ್ಯಾಮ್ಸನೋವ್‌ನ ಸೋಲಿಸಿ ಸಿಂಗಲ್ಸ್ ಕಂಚು, ಜಪಾನಿಗೆ ಟಿಟಿ ಸಿಂಗಲ್ಸ್‌ನಲ್ಲಿ ಮೊದಲನೇ ಒಲಿಂಪಿಕ್ ಪದಕ. ಅದೇ ಒಲಿಂಪಿಕ್ಸ್‌ನ ಟೀಮ್ ಫೈನಲ್‌ನಲ್ಲಿ ಚೀನಾದ ಶು ಶಿನ್‌ನ ಹೊಡೆದ. 2018ರ ಜಪಾನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ 14 ವರ್ಷದ ಹರಿಮೊಟೊ ಕೈಲಿ ಸೋತ, ಮುಗೀತು ಅಂದ್ರು. ಮುಂದಿನ ವರ್ಷ ಹತ್ತನೇ ಸಲ ಚಾಂಪಿಯನ್.

ಪ್ರಕಾಶ ಮಾವ: ಹಾಗಾದ್ರೆ ಎಣ್ಣೆ ಹಚ್ಚೋರ ಜೊತೆಗೇ ಆಡಿ ಗೆದ್ದ. ನಾನು ಹೇಳಿದ್ದೂ ಅದೇ, ಸುಮ್ನೆ ಆಡಬೇಕಿತ್ತು

ಅಭಿ: ಸುಮ್ನೆ ಆಡೋದು ಬೇರೆ, ಜೋರಾಗಿ ಹೇಳಿ, ಯಾರೂ ಕೇಳದೆ, ಆಮೇಲೂ ಆಡೋದು ಬೇರೆ ಮಾವ. 23 ವರ್ಷ ಅವನಿಗೆ ಆಗ. ಆಡದಿದ್ರೆ ರ್‍ಯಾಂಕಿಂಗ್ ಬೀಳುತ್ತೆ ಅಂತ ಗೊತ್ತಿದ್ದೂ ಕೂತ. ನನಗೆ 2-9ಕ್ಕಿಂತ ಅದೇ ದೊಡ್ಡದು.

ದೊಡ್ಡಪ್ಪ: ಈಗಿನ ಹುಡುಗರಿಗೆ ಗೆಲುವಿಗಿಂತ ಧರಣಿ ಇಷ್ಟ

ಅಮ್ಮ: ಒಂದ್ನಿಮಿಷ ಭಾವ. ಅಭೀ, ಆ ಎಣ್ಣೆ ಅಂದ್ಯಲ್ಲ, ಅದು ಅಂಗಡೀಲಿ ಸಿಗುತ್ತಾ?

ಅಭಿ: ಸಿಗುತ್ತೆ, ದುಬಾರಿ. ಯಾಕಮ್ಮಾ

ಅಮ್ಮ: ದುಬಾರಿ ಆದ್ರೆ ಹುಡುಗರು ಬೇರೇನ್ ಹಚ್ತಾರೆ?

(ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.)

ಅಮ್ಮ: ಹೋದ ದೀಪಾವಳಿ ಮುಂಚೆ ನನ್ನ ಹೊಲಿಗೆ ಮಷೀನ್ ಎಣ್ಣೆ ಬಾಟ್ಲಿ ಹೊಸದು ತಂದಿದ್ದೆ. ಬ್ಲೌಸ್ ಹೊಲಿಯೋಣ ಅಂತ ಕೂತ್ರೆ ಅರ್ಧ ಖಾಲಿ. ಮಷೀನ್ ಮಾತ್ರ ಕಿರ್ ಅಂತಿತ್ತು

ಪ್ರಕಾಶ ಮಾವ: 😂😂😂😂

ದೊಡ್ಡಪ್ಪ: ಓಹೋ!

ಅಭಿ: ಹಚ್ಚಿದ್ದೆ. ಒಂದೇ ಸಲ, ಜಿಲ್ಲಾ ಟೂರ್ನಿಗೆ. ಸೀನಿಯರ್ ಒಬ್ರು ಹೇಳ್ಕೊಟ್ರು. ಸೆಮಿಫೈನಲ್‌ವರೆಗೆ ಹೋದೆ. ಅದಕ್ಕಿಂತ ಮೊದಲು ಎರಡನೇ ರೌಂಡ್ ದಾಟಿರಲಿಲ್ಲ.

ಸುಮತ್ತೆ: ಆಮೇಲೆ?

ಅಭಿ: ಆಮೇಲೆ ಆ ಶೀಟ್ ಕಿತ್ತು ಬಿಸಾಕಿದೆ. ಈ ವರ್ಷ ಮತ್ತೆ ಎರಡನೇ ರೌಂಡು.

ಪ್ರಕಾಶ ಮಾವ: ಏ ಹುಡುಗ, ಸೆಮಿಫೈನಲ್ ಸರ್ಟಿಫಿಕೇಟ್ ಇದೆಯಲ್ಲ ಗೋಡೆ ಮೇಲೆ. ಅದು?

ಅಮ್ಮ: ಅದು ಈಗ ಗೋಡೆ ಮೇಲಿಲ್ಲ. ಯಾಕೆ ತೆಗೆದ ಅಂತ ನಾನೂ ಕೇಳಿರಲಿಲ್ಲ

ಇಪ್ಪತ್ತು ನಿಮಿಷ ಗುಂಪು ತಣ್ಣಗಿತ್ತು. ಆಮೇಲೆ ದೊಡ್ಡಪ್ಪ ಅದೇ ವಿಡಿಯೋನ ಮತ್ತೆ ಹಾಕಿದ್ರು. ‘ಕಣ್ಣಿಲ್ಲದ’ ಅನ್ನೋದನ್ನ ತೆಗೆದು ‘ಕಣ್ಣು ಮಂಜಾದ’ ಅಂತ ತಿದ್ದಿದ್ರು. ಇಟೊ ಹೆಸರು ಆಗಲೂ ಇರಲಿಲ್ಲ. ಸುಮತ್ತೆ ಅದರ ಕೆಳಗೆ ಅವಳ ಹೆಸರನ್ನ ಮೂರು ಸಲ ಟೈಪ್ ಮಾಡಿ ಕಳಿಸಿದ್ರು.